ಮೂತ್ರಪಿಂಡ ಕಸಿಯಾದವರಿಗೆ ಗಜಕರ್ಣವೂ ಕಜ್ಜಿಯೂ ಒಟ್ಟಿಗೇ ಬರಬಹುದೇ?

ಪ್ರಶ್ನೆ (ಕುಮಟಾ):
ಮೂತ್ರಪಿಂಡ ಕಸಿಯಾದ ನಮ್ಮ ಭಾವನವರು ಟ್ಯಾಕ್ರೋಲಿಮಸ್, ಮೈಕೋಫಿನೊಲೇಟ್ ಹಾಗೂ ಪ್ರೆಡ್ನಿಸೊಲೋನ್ ಎಂಬ, ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆಗಳನ್ನು ನಿತ್ಯ ತೆಗೆದುಕೊಳ್ಳುತ್ತಾರೆ. ಈ ಮಳೆಗಾಲದಲ್ಲಿ ಅವರ ತೊಡೆಸಂದಿಯಲ್ಲಿ ಉಂಗುರದಂಥ ಕೆಂಪು ಕಲೆಗಳೆದ್ದವು. ಔಷಧದಂಗಡಿಯಲ್ಲಿ ಕೇಳಿ ತಂದ ಮುಲಾಮಿನಿಂದ ತುರಿಕೆ ಇಳಿಯಿತಾದರೂ ಕಲೆ ಅಂಚು ಕಳೆದುಕೊಂಡು ಹರಡಿತು. ಈಗ ಬೆರಳುಸಂದಿಗಳಲ್ಲಿ ಬೂದುಬಣ್ಣದ ದಪ್ಪ ಹಕ್ಕಳೆಗಳಿವೆ. ಅಲ್ಲಿ ತುರಿಕೆ ಅಷ್ಟಾಗಿ ಇಲ್ಲ, ಆದರೆ ಮನೆಯ ಮಕ್ಕಳೆಲ್ಲ ರಾತ್ರಿ ಮೈ ತುರಿಸಿಕೊಳ್ಳುತ್ತಿದ್ದಾರೆ. ಇದು ಒಂದೇ ರೋಗವೋ, ಎರಡೋ?

ಉತ್ತರ (ಶಿರಸಿ, ನಿವೃತ್ತ ಶುಶ್ರೂಷಕಿ):
ಎರಡಿರುವ ಸಾಧ್ಯತೆ ಹೆಚ್ಚು. ಮಕ್ಕಳ ತುರಿಕೆಯೇ ಅದಕ್ಕೆ ಸುಳಿವು. ಕಜ್ಜಿಯಲ್ಲಿ ತುರಿಕೆ ಹುಟ್ಟುವುದು ಹುಳಗಳ ವಿರುದ್ಧ ದೇಹ ತೋರುವ ಪ್ರತಿಕ್ರಿಯೆಯಿಂದ. ರೋಗನಿರೋಧಕ ಶಕ್ತಿಯನ್ನು ಔಷಧಿಯಿಂದ ತಗ್ಗಿಸಿದವರಲ್ಲಿ ಆ ಪ್ರತಿಕ್ರಿಯೆ ಮಂಕಾಗುವುದರಿಂದ, ಸಾಮಾನ್ಯ ರೋಗಿಯ ಮೈಮೇಲೆ ಹತ್ತು-ಹದಿನೈದಷ್ಟೇ ಇರುವ ಹುಳಗಳು ಇವರಲ್ಲಿ ಸಾವಿರಗಟ್ಟಲೆ, ಕೆಲವೊಮ್ಮೆ ಲಕ್ಷಗಟ್ಟಲೆ ಬೆಳೆದು ಚರ್ಮ ಹಕ್ಕಳೆಗಟ್ಟುತ್ತದೆ. ಇದು ಬಹಳ ಬೇಗ ಹರಡುವ ಬಗೆ. ವೈದ್ಯರು ಕಜ್ಜಿಯೆಂದು ಖಚಿತಪಡಿಸಿದರೆ ತುರಿಕೆ ಇರಲಿ ಬಿಡಲಿ, ಮನೆಮಂದಿಯೆಲ್ಲ ಒಂದೇ ದಿನ ಔಷಧಿ ಹಚ್ಚಿಕೊಳ್ಳಬೇಕು. ಬಟ್ಟೆಗಳಿಗೆ ಬಚ್ಚಲ ಹಂಡೆಯ ಕುದಿನೀರೇ ಸಾಕು. ನಮ್ಮ ಮಳೆಗಾಲದಲ್ಲಿ ಒಗೆದು ಒಣಗಿಸಲಾಗದ ಕಂಬಳಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಒಂದು ವಾರ ಬದಿಗಿಡಿ.

ಉತ್ತರ (ಕಾರವಾರ, ಔಷಧತಜ್ಞ):
ಆ ಮುಲಾಮಿನ ಕೊಳವೆಯ ಮೇಲೆ ಕ್ಲೊಬೆಟಸಾಲ್‌ನಂಥ ಸ್ಟೀರಾಯ್ಡ್ ಹೆಸರಿದೆಯೇ ನೋಡಿ. ಸ್ಟೀರಾಯ್ಡ್ ಉರಿಯೂತವನ್ನು ಅಡಗಿಸುತ್ತದೆಯೇ ಹೊರತು ಶಿಲೀಂಧ್ರವನ್ನು ಕೊಲ್ಲುವುದಿಲ್ಲ. ಶಿಲೀಂಧ್ರದಿಂದ ಬರುವ ಗಜಕರ್ಣದ ಅಂಚು ಮಾಸಿ ವೈದ್ಯರಿಗೂ ಗುರುತು ಸಿಗದಂತಾಗುತ್ತದೆ. ತೊಡೆಯಿಂದಲೂ ಬೆರಳುಸಂದಿಯಿಂದಲೂ ಬೇರೆಬೇರೆಯಾಗಿ ಚರ್ಮ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡುವಂತೆ ಚರ್ಮವೈದ್ಯರನ್ನು ಕೇಳಿಕೊಳ್ಳಿ, ಏಕೆಂದರೆ ಒಂದು ಕಡೆ ಶಿಲೀಂಧ್ರ ಸಿಕ್ಕಿತೆಂದು ಹುಡುಕಾಟ ಅಲ್ಲಿಗೇ ನಿಂತರೆ ಇನ್ನೊಂದು ರೋಗ ಉಳಿದೇಬಿಡುತ್ತದೆ. ಶಿಲೀಂಧ್ರದ ವಿರುದ್ಧ ಕೊಡುವ ಇಟ್ರಾಕೊನಜೋಲ್ ಮಾತ್ರೆಯನ್ನಂತೂ ತಾವಾಗಿಯೇ ಆರಂಭಿಸಬೇಡಿ. ಟ್ಯಾಕ್ರೋಲಿಮಸ್ಸನ್ನು ಕರಗಿಸುವ ಯಕೃತ್ತಿನ ಕಿಣ್ವವನ್ನು ಅದು ತಡೆಯುವುದರಿಂದ ರಕ್ತದಲ್ಲಿ ಟ್ಯಾಕ್ರೋಲಿಮಸ್ ಪ್ರಮಾಣ ಏರಿ, ಕಸಿ ಮಾಡಿದ ಮೂತ್ರಪಿಂಡಕ್ಕೇ ಪೆಟ್ಟು ಬೀಳುತ್ತದೆ.

ಪ್ರಶ್ನೆ ಕೇಳಿದವರು:
ಚರ್ಮ ವಾಸಿಯಾಗುವವರೆಗೆ ಪ್ರೆಡ್ನಿಸೊಲೋನ್ ನಿಲ್ಲಿಸಬಹುದೇ?

ಉತ್ತರ (ಕಾರವಾರ, ಔಷಧತಜ್ಞ):
ಖಂಡಿತ ಬೇಡ. ಒಮ್ಮೆಲೇ ನಿಲ್ಲಿಸಿದರೆ ದೇಹವು ಕಸಿಯನ್ನು ತಿರಸ್ಕರಿಸುವ ಅಪಾಯವಿದೆ; ಪ್ರಮಾಣ ತಗ್ಗಿಸುವುದಿದ್ದರೂ ಅದನ್ನು ಕಸಿ ವೈದ್ಯರೇ ನಿರ್ಧರಿಸಬೇಕು. ಚರ್ಮವೈದ್ಯರು ಬರೆದ ಚೀಟಿಯನ್ನು ಔಷಧಿ ಕೊಳ್ಳುವ ಮೊದಲೇ ಕಸಿ ವೈದ್ಯರಿಗೆ ಕಳುಹಿಸಿ.