ತೀವ್ರ ಬಲಪಂಥೀಯರ ಬಗ್ಗೆ ಬರೆಯೋದು ಹೇಗೆ, ಅದು ಅವರಿಗೇ ಪ್ರಚಾರ ಆಗದ ಹಾಗೆ?

ಬೀದಿ_ವರದಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಒಂದು ಸಣ್ಣ ನ್ಯೂಸ್ ವೆಬ್‌ಸೈಟಲ್ಲಿ ಎರಡು ವರ್ಷದಿಂದ ರಿಪೋರ್ಟರ್. ಹೋದ ತಿಂಗಳು ಒಂದು ತೀವ್ರ ಬಲಪಂಥೀಯ ಗುಂಪಿನ ಮೆರವಣಿಗೆ ಕವರ್ ಮಾಡ್ದೆ, ವಲಸೆ ಬಂದವರನ್ನೆಲ್ಲ ಓಡಿಸ್ಬೇಕು ಅನ್ನೋ ಗುಂಪು. ಬ್ಯಾಲೆನ್ಸ್ ಇರ್ಲಿ ಅಂತ ಅವರ ಲೀಡರ್ ಮಾತು ಮೂರು ಪ್ಯಾರಾ ಹಾಕಿ, ಕೊನೇಲಿ ವಿರೋಧ ಮಾಡೋರದ್ದು ಒಂದು ಲೈನ್ ಸೇರಿಸ್ದೆ. ಹೆಡ್‌ಲೈನ್ "ವಲಸಿಗರ ಹಾವಳಿ ವಿರುದ್ಧ ಗುಡುಗಿದ ಜನಸಾಗರ". ಮಾರನೇ ದಿನ ನೋಡಿದ್ರೆ ನನ್ನ ಫೋಟೋ, ಅದೇ ಹೆಡ್‌ಲೈನ್ ಸಮೇತ, ಅವರ ಚಾನೆಲ್ಲಲ್ಲಿ ಸದಸ್ಯರನ್ನ ಸೇರಿಸ್ಕೊಳ್ಳೋ ಪೋಸ್ಟರ್ ಆಗಿದೆ. ಹೊಟ್ಟೆ ಕಿವುಚಿದ ಹಾಗಾಯ್ತು. ಈಗ ಆ ಲೀಡರ್‌ದು ಇಂಟರ್‌ವ್ಯೂ ಮಾಡು ಅಂತಿದಾರೆ ಎಡಿಟರ್. ಮಾಡ್ಲಾ ಬೇಡ್ವಾ? ಬರೀದೆ ಇದ್ರೆ ತಪ್ಪು, ಬರೆದ್ರೆ ಹೀಗೆ. ಅನುಭವ ಇರೋರು ದಯವಿಟ್ಟು ಹೇಳಿ.

---

ಡೆಸ್ಕ್_ರಾತ್ರಿಪಾಳಿ:

ಮೇಡಂ, ನಿಮ್ಮ ತಪ್ಪು ಅರ್ಧ, ಡೆಸ್ಕ್ ತಪ್ಪು ಅರ್ಧ. ಹದಿನೈದು ವರ್ಷ ಹೆಡ್‌ಲೈನ್ ಹಾಕಿದೀನಿ, ಅದಕ್ಕೇ ಹೇಳ್ತಿದೀನಿ. "ಹಾವಳಿ" ಅನ್ನೋದು ಅವರ ಪದ, ಅದಕ್ಕೆ ಕೋಟ್ ಮಾರ್ಕ್ ಕೂಡ ಇಲ್ಲ, ಅಂದ್ರೆ ನಮ್ಮ ಸೈಟೇ ಹಾಗಂತ ಹೇಳ್ದಂಗೆ ಆಯ್ತು. "ಗುಡುಗು", "ಘರ್ಜನೆ", "ಶಕ್ತಿ ಪ್ರದರ್ಶನ" ಇವೆಲ್ಲ ನಮ್ಗೆ ಕೈಗೆ ಸಿಗೋ ರೆಡಿಮೇಡ್ ಪದಗಳು, ಹನ್ನೊಂದು ಗಂಟೆ ರಾತ್ರೀಲಿ ಯೋಚ್ನೆ ಮಾಡ್ದೆ ಹಾಕ್ತೀವಿ, ಅವರು ಅದನ್ನೇ ಕಾಯ್ತಿರ್ತಾರೆ. ಜನಸಾಗರ ಅಂದ್ರೆ ಎಷ್ಟು ಜನ? ಎಣಿಸಿದ್ರಾ? ರಸ್ತೆ ಉದ್ದ ಅಗಲ ಅಳೆದು, ಒಂದು ಚೌಕದಲ್ಲಿ ಎಷ್ಟು ಜನ ನಿಂತಿದಾರೆ ನೋಡಿ ಗುಣಿಸಿದ್ರೆ ಅಂದಾಜು ಸಿಗುತ್ತೆ. ನಾನೂರು ಜನ ಇದ್ರೆ ನಾನೂರು ಅಂತಲೇ ಬರೀಬೇಕು. ಫೋಟೋನೂ ಅಷ್ಟೇ, ಕೆಳಗಿಂದ ಮೇಲಕ್ಕೆ ತೆಗೆದ್ರೆ ನಾಲ್ಕು ಬಾವುಟ ಇದ್ರೂ ಸೈನ್ಯ ಕಾಣುತ್ತೆ, ಸ್ವಲ್ಪ ಎತ್ತರದಿಂದ ತೆಗೀರಿ, ಖಾಲಿ ರಸ್ತೆನೂ ಕಾಣ್ಲಿ.

ಪದದ ಬಗ್ಗೆ ಇನ್ನೊಂದು ಮಾತು. ಜರ್ಮನಿಯಲ್ಲಿ "ರೀಮೈಗ್ರೇಶನ್" ಅಂತ ಒಂದು ಪದ ಓಡ್ತಿತ್ತು, ಕೇಳಕ್ಕೆ ಏನೋ ಸರ್ಕಾರಿ ಫೈಲಲ್ಲಿರೋ ಪದದ ಥರ. ಅದರ ಹಿಂದೆ ಇರೋದು ಜನರನ್ನ ದೊಡ್ಡ ಸಂಖ್ಯೇಲಿ ದೇಶದಿಂದ ಕಳಿಸೋ ಯೋಚನೆ. ಭಾಷಾ ತಜ್ಞರ ಒಂದು ತೀರ್ಪುಗಾರರ ತಂಡ ಅದನ್ನ 2023ರ ಅತಿ ಕೆಟ್ಟ ಪದ ಅಂತ ಆರಿಸಿತು. ಅಂಥ ಪದ ಬಂದಾಗ ಹಾಗೇ ಹಾಕ್ಬೇಡಿ, ಅದರ ಅರ್ಥ ಬಿಡಿಸಿ ಬರೀರಿ.

---

ಕೋರ್ಟ್_ಬೀಟ್:

ಮೇಲಿನವರು ಹೇಳಿದ್ದಕ್ಕೆ ನಂದೊಂದು ಸೇರಿಸ್ತೀನಿ, ಸ್ವಲ್ಪ ಉದ್ದ ಆಗುತ್ತೆ ಬೇಜಾರಾಗ್ಬೇಡಿ. ಜರ್ಮನಿಯಲ್ಲಿ 2000ದಿಂದ 2007ರವರೆಗೆ ಎನ್‌ಎಸ್‌ಯು ಅನ್ನೋ ನಿಯೋ ನಾಜಿ ಗುಂಪು ಹತ್ತು ಜನರನ್ನ ಕೊಂದ್ಹಾಕ್ತು. ಒಂಬತ್ತು ಜನ ವಲಸೆ ಹಿನ್ನೆಲೆಯವರು, ಹೂ ಮಾರೋರು, ತರಕಾರಿ ಅಂಗಡಿ ಇಟ್ಕೊಂಡಿದ್ದೋರು, ಬೀಗದ ಅಂಗಡಿಯವರು, ಆಮೇಲೆ ಒಬ್ಬ ಪೊಲೀಸ್ ಮಹಿಳೆ. ಪತ್ರಿಕೆಗಳು ಆ ಒಂಬತ್ತು ಕೊಲೆಗಳಿಗೆ ಇಟ್ಟ ಹೆಸರು "ಡೋನರ್ ಕೊಲೆಗಳು", ಡೋನರ್ ಅಂದ್ರೆ ಕಬಾಬ್. ಸತ್ತವರನ್ನ ಒಂದು ತಿಂಡಿ ಹೆಸರಲ್ಲಿ ಕರೆದ್ರು! ಪೊಲೀಸರು ವರ್ಷಗಟ್ಲೆ ಮನೆಯವರನ್ನೇ ಅನುಮಾನಿಸಿದ್ರು, ಡ್ರಗ್ಸ್ ಇರ್ಬೇಕು, ಮಾಫಿಯಾ ಇರ್ಬೇಕು ಅಂತ, ಪತ್ರಿಕೆಯವರು ಅದನ್ನೇ ಬರೆದ್ರು. ಆದ್ರೆ 2006ರಲ್ಲೇ ಕಾಸೆಲ್ ಪಟ್ಟಣದಲ್ಲಿ ಸತ್ತವರ ಮನೆಯವರು ಮೆರವಣಿಗೆ ಮಾಡಿದ್ರು, ಹತ್ತನೇ ಬಲಿ ಬೇಡ ಅಂತ. ಅವರಿಗೆ ಗೊತ್ತಿತ್ತು. ಕೇಳೋಕೆ ಯಾರೂ ಹೋಗ್ಲಿಲ್ಲ. ನಿಜ ಹೊರಗೆ ಬಂದದ್ದು 2011ರ ನವೆಂಬರಲ್ಲಿ. ನನಗೆ ಇದು ಓದಿದಾಗಲೆಲ್ಲ ಕೋಪ ಬರುತ್ತೆ, ನಮ್ಮ ಕಸುಬೇ ಅಲ್ಲಿ ಸೋತಿದ್ದು.

ಹಾಗಾಗಿ ಮೇಡಂ, ನಿಮ್ಮ ಮೊದಲ ಫೋನ್ ಲೀಡರ್‌ಗೆ ಹೋಗ್ಬಾರ್ದು. ಅವರ ಮಾತಿಂದ ಯಾರಿಗೆ ಏಟು ಬೀಳುತ್ತೋ ಅವರ ಮನೆಗೆ ಹೋಗ್ಬೇಕು. ಆ ಎನ್‌ಎಸ್‌ಯು ಕೊಲೆಗಳ ವಿಚಾರಣೆ ಮ್ಯೂನಿಕ್ ಕೋರ್ಟಲ್ಲಿ 2013ರಿಂದ 2018ರವರೆಗೆ 438 ದಿನ ನಡೀತು, ಕೋರ್ಟಲ್ಲಿ ಮಾತು ಮಾತಿನ ದಾಖಲೆ ಇಡಲ್ಲ, ಎನ್‌ಎಸ್‌ಯು ವಾಚ್ ಅನ್ನೋ ಕಾರ್ಯಕರ್ತರ ತಂಡ ದಿನಾ ಹೋಗಿ ಕೂತು ಕೈಯಲ್ಲಿ ಬರ್ಕೊಂಡು ಎಲ್ಲರಿಗೂ ಸಿಗೋ ಹಾಗೆ ಹಾಕ್ತು.

---

ಸುಮ್ನಿರಿ_ಸಾಕು:

ನಾನು ಒಪ್ಪಲ್ಲ. ಬರೆಯೋದೇ ಬೇಡ, ಆಮ್ಲಜನಕ ಕೊಡ್ಬೇಡಿ, ತಾನೇ ಸಾಯುತ್ತೆ.

---

ಕೋರ್ಟ್_ಬೀಟ್:

ಸಾಯಲ್ಲ ಸರ್. ಗ್ರೀಸ್‌ನ ಗೋಲ್ಡನ್ ಡಾನ್ ಅನ್ನೋ ನಿಯೋ ನಾಜಿ ಪಕ್ಷಕ್ಕೆ 2009ರ ಸಂಸತ್ ಚುನಾವಣೇಲಿ ಶೇ 0.29 ಓಟು, ಯಾರೂ ಲೆಕ್ಕಕ್ಕೇ ಇಟ್ಟಿರ್ಲಿಲ್ಲ. 2012ರ ಮೇನಲ್ಲಿ ಶೇ 7ರ ಹತ್ರ, 21 ಸೀಟು. ಗ್ರೀಕರಿಗೆ ಮಾತ್ರ ಅಂತ ಆಹಾರ ಹಂಚೋರು, ಅದನ್ನ ತೋರಿಸೋಕೆ ಕ್ಯಾಮೆರಾದವರು ಓಡಿ ಬರೋರು. ಅವರ ಕೈಯಲ್ಲಿ ವಲಸಿಗರು ಏಟು ತಿಂತಿದ್ದದ್ದು ಅಷ್ಟು ಸುದ್ದಿ ಆಗ್ಲಿಲ್ಲ. 2013ರಲ್ಲಿ ಆ ಪಕ್ಷದವನೊಬ್ಬನ ಕೈಯಲ್ಲಿ ರ್‍ಯಾಪರ್ ಪಾವ್ಲೋಸ್ ಫಿಸಾಸ್ ಕೊಲೆ ಆದ್ಮೇಲೇ ಎಲ್ಲರೂ ಎದ್ದು ಕೂತದ್ದು. 2020ರ ಅಕ್ಟೋಬರ್ 7ಕ್ಕೆ ಕೋರ್ಟ್ ಅದನ್ನ ಕ್ರಿಮಿನಲ್ ಸಂಘಟನೆ ಅಂತು.

ಆದ್ರೆ ನಿಮ್ಮ ಮಾತಲ್ಲೂ ಒಂದಂಶ ನಿಜ, ಕೆಲವನ್ನ ಹಂಚಲೇಬಾರ್ದು. 2019ರಲ್ಲಿ ಕ್ರೈಸ್ಟ್‌ಚರ್ಚ್ ಮಸೀದಿಗಳಲ್ಲಿ 51 ಜನರನ್ನ ಕೊಂದವನು ಲೈವ್ ಮಾಡಿದ್ದ, ಮೊದಲ 24 ಗಂಟೇಲಿ ಆ ವಿಡಿಯೋದ 15 ಲಕ್ಷ ಕಾಪಿ ಡಿಲೀಟ್ ಮಾಡಿದ್ವಿ ಅಂತ ಫೇಸ್‌ಬುಕ್ಕೇ ಹೇಳ್ತು. ವಿಚಾರಣೆ ವರದಿ ಮಾಡೋಕೆ ನ್ಯೂಜಿಲೆಂಡ್‌ನ ಐದು ದೊಡ್ಡ ಮಾಧ್ಯಮ ಸಂಸ್ಥೆಗಳು ಒಟ್ಟಿಗೆ ಕೂತು, ಅವನ ಸಿದ್ಧಾಂತಕ್ಕೆ ವೇದಿಕೆ ಕೊಡಲ್ಲ ಅಂತ ನಿಯಮ ಮಾಡ್ಕೊಂಡ್ವು. ಕೋರ್ಟ್ ವರದಿ ಮಾತ್ರ ಬಿಡ್ಲಿಲ್ಲ.

---

ಕಡತ_ಕಾಯೋಳು:

ಕಾರ್ಯಕರ್ತೆ ಕಡೆಯಿಂದ. ಅವರ ಪೋಸ್ಟ್‌ಗಳ ಸ್ಕ್ರೀನ್‌ಶಾಟ್ ಒಂದೇ ಸಾಕಾಗಲ್ಲ ಕಣ್ರೀ, ಇದು ಫೇಕ್ ಅಂತಾರೆ. ಲಿಂಕು, ತಾರೀಖು, ಸಮಯ ಸಮೇತ ಪೂರ್ತಿ ಪೇಜ್ ಸೇವ್ ಮಾಡಿ, ವೆಬ್ ಆರ್ಕೈವಲ್ಲೂ ಹಾಕಿ, ಅವರು ಡಿಲೀಟ್ ಮಾಡೋ ಮುಂಚೆ. 2017ರಲ್ಲಿ ಅಮೆರಿಕದ ಷಾರ್ಲಟ್ಸ್‌ವಿಲ್ ಊರಲ್ಲಿ ನಡೆದ ತೀವ್ರ ಬಲಪಂಥೀಯರ ಮೆರವಣಿಗೆಗೆ ಪ್ಲಾನ್ ಮಾಡಿದವರ ಡಿಸ್ಕಾರ್ಡ್ ಅನ್ನೋ ಆಪ್‌ನ ಚಾಟ್‌ಗಳನ್ನ ಯೂನಿಕಾರ್ನ್ ರಯಟ್ ಅನ್ನೋ ಸಣ್ಣ ಸ್ವತಂತ್ರ ಮಾಧ್ಯಮ ಬಯಲಿಗೆ ತಂತು. ಆ ಮೆರವಣಿಗೆ ಗಲಭೇಲಿ ಗಾಯಗೊಂಡವರ ಕೇಸಲ್ಲಿ 2021ರಲ್ಲಿ ಜ್ಯೂರಿ ಎರಡೂವರೆ ಕೋಟಿ ಡಾಲರ್ ಮೀರಿ ಪರಿಹಾರ ಹೇಳ್ತು, ಅಲ್ಲಿ ಅವರ ಚಾಟ್‌ಗಳೇ ದೊಡ್ಡ ಸಾಕ್ಷಿ.

ಹಾಗಂತ ಮುಖ ನೋಡಿ ಹೆಸರು ಹಾಕೋಕೆ ಹೋಗ್ಬೇಡಿ. ಅದೇ ಷಾರ್ಲಟ್ಸ್‌ವಿಲ್ ಆದ್ಮೇಲೆ ಜನ ಒಂದು ಟೀಶರ್ಟ್ ನೋಡಿ ಬೇರೆ ರಾಜ್ಯದ ಯಾವ್ದೋ ಅಮಾಯಕರನ್ನ ಹಿಡ್ಕೊಂಡ್ರು, ಪಾಪ ಮನೆ ಬಿಟ್ಟು ಇರ್ಬೇಕಾಯ್ತು. ಎರಡು ಬೇರೆ ಬೇರೆ ಪುರಾವೆ ಇಲ್ದೆ ಹೆಸರು ಬೇಡ.

ಇಂಟರ್‌ವ್ಯೂ ಮಾಡೋದೇ ಆದ್ರೆ ಲೈವ್ ಬೇಡ್ವೇ ಬೇಡ. ನಿಮ್ಮ ಸಿದ್ಧಾಂತ ಏನು ಅಂತ ಕೇಳ್ಬೇಡಿ, ಅದಕ್ಕೆ ಅವರ ಹತ್ರ ಬಾಯಿಪಾಠ ಇರುತ್ತೆ. ದುಡ್ಡು ಎಲ್ಲಿಂದ ಬಂತು, ಬಸ್ಸಿಗೆ ಯಾರು ಕೊಟ್ರು, ಇಂಥ ತಾರೀಖು ನಿಮ್ಮ ಈ ಸದಸ್ಯ ಇಂಥವರಿಗೆ ಹೊಡೆದ, ಅವನನ್ನ ತೆಗೆದ್ರಾ, ಇಂಥದ್ದು ಕೇಳಿ. ಸುಳ್ಳು ಹೇಳಿದ್ರೆ ಅದೇ ಪ್ಯಾರಾದಲ್ಲಿ ನಿಜ ಮೊದ್ಲು ಬರೀರಿ, ಕೊನೇವರೆಗೂ ಯಾರೂ ಓದಲ್ಲ. ಆಮೇಲೆ ನಿಮ್ಮ ಮನೆ ವಿಳಾಸ, ಅಮ್ಮನ ನಂಬರ್ ಆನ್‌ಲೈನಲ್ಲಿ ಎಲ್ಲೆಲ್ಲಿದೆ ಹುಡುಕಿ ಇವತ್ತೇ ತೆಗೆಸಿ. ಒಬ್ಬರೇ ಹೋಗ್ಬೇಡಿ.

---

ಬೀದಿ_ವರದಿ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಎಡಿಟರ್ ಹತ್ರ ಮಾತಾಡ್ದೆ, ಇಂಟರ್‌ವ್ಯೂ ಮುಂದಕ್ಕೆ ಹಾಕಿದ್ವಿ. ಇವತ್ತು ಮೆರವಣಿಗೆ ಹೋದ ಬೀದೀಲಿ ಒಂದು ವಲಸಿಗರ ಮನೆಗೆ ಹೋಗಿದ್ದೆ. ಆ ದಿನ ಮಕ್ಕಳನ್ನ ಒಳಗಿನ ರೂಮಲ್ಲಿ ಕೂರಿಸಿ, ಗಲಾಟೆ ಕೇಳಿಸ್ಬಾರ್ದು ಅಂತ ಟೀವಿ ಜೋರಾಗಿ ಇಟ್ಟಿದ್ರಂತೆ. ನಾನು ಅದೇ ಹೊತ್ತಲ್ಲಿ ಅವರ ಗೇಟ್ ಮುಂದೆ ನಿಂತು ಬಾವುಟದ ಫೋಟೋ ತೆಗೀತಿದ್ದೆ. ಹೆಸರು ಹಾಕಿ ಅಂದಿದಾರೆ, ಹಾಕ್ಬಹುದಾ?

---

ಕಡತ_ಕಾಯೋಳು:

ನಾಳೆ ಇನ್ನೊಂದ್ಸಲ ಹೋಗಿ ಕೇಳಿ, ಇದು ಆ ಗುಂಪಿನವರ ಫೋನಿಗೂ ಹೋಗುತ್ತೆ ಅಂತ ಬಿಡಿಸಿ ಹೇಳಿ ಕೇಳಿ. ಹೂಂ ಅಂದ್ರೂ ಬೀದಿ ಹೆಸರು, ಮನೆ ಫೋಟೋ ಬೇಡ.