ಸಹಾಯ ಬೇಕು: ‘ಕ್ಯಾಂಡಿಡ್’ ಮುಂದುವರಿಸಲೇ, ಬಿಡಲೇ?

ಫ್ರೆಂಚ್ ಲೇಖಕ ವೋಲ್ಟೇರ್ 1759ರಲ್ಲಿ ಪ್ರಕಟಿಸಿದ ‘ಕ್ಯಾಂಡಿಡ್’ ಎಂಬ ವಿಡಂಬನೆಯ ಕಿರುಕಾದಂಬರಿ ಓದುತ್ತಿದ್ದೇನೆ. ಇರುವುದೇ 30 ಪುಟ್ಟ ಅಧ್ಯಾಯಗಳು. ಆದರೂ 19ರಲ್ಲಿ ನಿಂತುಬಿಟ್ಟಿದ್ದೇನೆ.

ಮೂಗು ಇರುವುದೇ ಕನ್ನಡಕ ಕೂರಿಸಲು ಎನ್ನುವ, ಕಥಾನಾಯಕ ಕ್ಯಾಂಡಿಡ್‌ನ ಗುರು ಪ್ಯಾಂಗ್ಲಾಸ್‌ನನ್ನು ಕಂಡು ಮೊದಲು ಹೊಟ್ಟೆ ತುಂಬ ನಕ್ಕೆ. ಆಮೇಲೆ ಯುದ್ಧ, ಹಡಗು ಮುಳುಗಡೆ, 1755ರ ಲಿಸ್ಬನ್ ಭೂಕಂಪ, ಗಲ್ಲು ಒಂದರ ಬೆನ್ನಿಗೊಂದು ಬಂದವು. ಸತ್ತವರೂ ಎದ್ದು ಬರುತ್ತಾರೆ! ಸಾಕಪ್ಪಾ ಎಂದು ಮುಚ್ಚುವಷ್ಟರಲ್ಲಿ ದಕ್ಷಿಣ ಅಮೆರಿಕದ ಸುರಿನಾಮ್ ಬಂತು. ಒಂದು ಕೈ, ಒಂದು ಕಾಲು ಕಳೆದುಕೊಂಡ ಗುಲಾಮ ನೆಲದ ಮೇಲೆ ಬಿದ್ದಿದ್ದಾನೆ. ಯುರೋಪಿನವರು ತಿನ್ನುವ ಸಕ್ಕರೆಗೆ ಇದೇ ಬೆಲೆ ಎನ್ನುತ್ತಾನೆ. ನಗು ಗಂಟಲಲ್ಲೇ ಉಳಿಯಿತು.

ನನ್ನ ತೊಡಕು ಇಷ್ಟು. ಸಾಧ್ಯವಿರುವ ಜಗತ್ತುಗಳಲ್ಲೆಲ್ಲ ಇದೇ ಅತ್ಯುತ್ತಮ ಎಂಬ ಜರ್ಮನ್ ತತ್ವಜ್ಞಾನಿ ಲೈಬ್ನಿಟ್ಸ್‌ನ ವಾದವನ್ನು ಈ ಪುಸ್ತಕ ಗೇಲಿ ಮಾಡುತ್ತದೆ. ಆ ವಾದವನ್ನು ಈಗ ಬಹುತೇಕ ಯಾರೂ ಹಿಡಿದು ಕುಳಿತಿಲ್ಲ. (ಅಥವಾ ‘ಆಗುವುದೆಲ್ಲ ಒಳ್ಳೆಯದಕ್ಕೇ’ ಎನ್ನುವವರೆಲ್ಲ ಪ್ಯಾಂಗ್ಲಾಸ್‌ನ ಶಿಷ್ಯರೇ?) ಗುರಿಯೇ ಮಾಯವಾದ ಮೇಲೆ ಬಾಣಕ್ಕೆ ಮೊನೆ ಉಳಿದಿದೆಯೇ?

ಪೂರ್ತಿ ಓದಿದವರು ದಯವಿಟ್ಟು ತಿಳಿಸಿ. ನಮ್ಮ ತೋಟವನ್ನು ನಾವು ಸಾಗುಮಾಡಬೇಕು ಎಂಬ ಕೊನೆಯ ಪ್ರಸಿದ್ಧ ಮಾತು ನಿಮಗೆ ವಿವೇಕವಾಗಿ ಕಂಡಿತೇ, ಸೋತವನ ನಿಟ್ಟುಸಿರಾಗಿಯೇ? ಲೈಬ್ನಿಟ್ಸ್‌ನನ್ನು ಸ್ವಲ್ಪ ತಿಳಿದುಕೊಂಡು ಓದಿದರೆ ರುಚಿ ಹೆಚ್ಚುತ್ತದೆಯೇ? ‘ಮೇರುಕೃತಿ, ಓದಲೇಬೇಕು’ ಎನ್ನುವುದಕ್ಕಿಂತ ನಿಮಗೆ ನಿಜವಾಗಿ ನಾಟಿದ ಒಂದೇ ಒಂದು ಪ್ರಸಂಗ ಹೇಳಿದರೆ ಉಪಕಾರವಾಗುತ್ತದೆ.