ಸ್ಟ್ಯಾಂಡ್ ಮೇಲಿನ ಫ್ಲ್ಯಾಶ್: ಒಂದು ಫೋಟೊ ಸರಿ, ಮುಂದಿನದು ಕತ್ತಲೆ, ಯಾಕೆ? (ಪ್ರಶ್ನೋತ್ತರ)

ಹಾಸನ: ಸಾರ್, ಆರತಕ್ಷತೆಯಲ್ಲಿ ಫ್ಲ್ಯಾಶ್‌ಗೆ ಛತ್ರಿ ಹಾಕಿ ಟಿಟಿಎಲ್‌ನಲ್ಲಿ ಬಿಟ್ಟಿದ್ದೆ (ಕ್ಯಾಮೆರಾವೇ ಅಳೆದು ಫ್ಲ್ಯಾಶ್ ಬೆಳಕು ಹೊಂದಿಸುವ ಕ್ರಮ). ಬಿಳಿ ಪಂಚೆಯವರು ನಿಂತರೆ ಫೋಟೊ ಕಪ್ಪು. ಕರಿ ಕೋಟಿನವರು ನಿಂತರೆ ಮುಖ ಬರ್ನ್ ಆಗುತ್ತದೆ.

ಫೋಟೊಗ್ರಾಫರ್: ಟಿಟಿಎಲ್ ಬಟ್ಟೆ ನೋಡಿ ಬೆಳಕು ಬದಲಿಸುತ್ತದೆ. ವೇದಿಕೆಯಲ್ಲಿ ಜನ ನಿಲ್ಲುವ ಜಾಗ ಒಂದೇ ಅಲ್ವಾ? ಮ್ಯಾನ್ಯುಯಲ್ ಹಾಕಿ, ಪವರ್ ನೀವೇ ಹೊಂದಿಸಿ. ಆಟೊ ಐಎಸ್ಒ (ಬೆಳಕಿಗೆ ಸೆನ್ಸರ್ ಎಷ್ಟು ಸೂಕ್ಷ್ಮ ಎಂಬುದನ್ನು ಕ್ಯಾಮೆರಾ ತಾನೇ ಬದಲಿಸುವುದು) ಬಂದ್ ಮಾಡಿ.

ತುಮಕೂರು: ಶಟರ್ ವೇಗ ಏರಿಸಿದರೆ ಫ್ಲ್ಯಾಶ್ ಬೆಳಕು ಕಡಿಮೆಯಾಗುತ್ತದಾ?

ಫೋಟೊಗ್ರಾಫರ್: ಸಿಂಕ್ ವೇಗದೊಳಗೆ (ಫ್ಲ್ಯಾಶ್ ಬೆಳಕು ಫೋಟೊ ಪೂರ್ತಿ ಬೀಳುವ ಗರಿಷ್ಠ ಶಟರ್ ವೇಗ) ಆಗುವುದಿಲ್ಲ. ಹಾಲ್‌ನ ಬೆಳಕು ಮಾತ್ರ ಇಳಿಯುತ್ತದೆ.

ಶಿರಸಿ: ಯಕ್ಷಗಾನದ ಚೌಕಿಯಲ್ಲಿ (ವೇಷ ಕಟ್ಟುವ ಜಾಗ) ಬಣ್ಣ ಹಚ್ಚುವುದನ್ನು ತೆಗೆಯುತ್ತಿದ್ದೇನೆ. ಮ್ಯಾನ್ಯುಯಲ್, ಫುಲ್ ಪವರ್, ಐಎಸ್ಒ 200, ಶಟರ್ 1/60. ಎರಡು ಫೋಟೊ ಸರಿ, ಮೂರನೆಯದು ಕತ್ತಲೆ. ಫ್ಲ್ಯಾಶ್ ಬಿಚ್ಚಿ ಕೆಪ್ಯಾಸಿಟರ್‌ಗೆ (ಒಳಗೆ ವಿದ್ಯುತ್ ಕೂಡಿಡುವ ಭಾಗ) ಸ್ಕ್ರೂಡ್ರೈವರ್ ಮುಟ್ಟಿಸಿದರೆ ಸರಿಹೋಗುತ್ತದೆ ಎಂಬ ಮೆಸೇಜ್ ಬಂದಿದೆ. ಮಾಡಲಾ?

ಫೋಟೊಗ್ರಾಫರ್: ಬೇಡ! ಸ್ಕ್ರೂಡ್ರೈವರ್ ಕೆಳಗಿಡಿ. ಆ ಕೆಪ್ಯಾಸಿಟರ್‌ನಲ್ಲಿ 300 ವೋಲ್ಟ್ ಆಸುಪಾಸು ಇರುತ್ತದೆ. ಸೆಲ್ ತೆಗೆದ ಮೇಲೂ ಉಳಿದಿರುತ್ತದೆ. ಜೀವಕ್ಕೇ ಕುತ್ತು. ಇಂಥದ್ದನ್ನು ದಯವಿಟ್ಟು ಯಾರೂ ಫಾರ್ವರ್ಡ್ ಮಾಡಬೇಡಿ.

ನಿಮ್ಮ ಫ್ಲ್ಯಾಶ್ ಕೆಟ್ಟಿರಲಿಕ್ಕಿಲ್ಲ. ಫುಲ್ ಪವರ್‌ನಲ್ಲಿ ಹೊಡೆದ ಮೇಲೆ ಮತ್ತೆ ಚಾರ್ಜ್ ಆಗಲು ಕೆಲವು ಸೆಕೆಂಡು ಬೇಕು. ಸೆಲ್ ಹಳತಾದರೆ ಇನ್ನೂ ಜಾಸ್ತಿ. ಅಷ್ಟರೊಳಗೆ ಒತ್ತಿದರೆ ಬೆಳಕು ಅರೆಬರೆ. ಪವರ್ 1/4ಕ್ಕೆ ಇಳಿಸಿ, ಐಎಸ್ಒ 800 ಮಾಡಿ. ಮುಖಕ್ಕೆ ಮೊದಲಿನಷ್ಟೇ ಬೆಳಕು ಬರುತ್ತದೆ. ಆದರೆ ಚೌಕಿಯ ಬಲ್ಬಿನ ಬೆಳಕು ನಾಲ್ಕು ಪಟ್ಟಾಗುತ್ತದೆ, ಅದಕ್ಕೆ ಶಟರ್ 1/250 ಮಾಡಿ. ನಿಮ್ಮ ಕ್ಯಾಮೆರಾದ ಸಿಂಕ್ 1/200 ಆಗಿದ್ದರೆ ಅಲ್ಲಿಗೇ ನಿಲ್ಲಿಸಿ.

ಇನ್ನೊಂದು. ವೇಷಧಾರಿ ಕನ್ನಡಿ ಕಡೆ ಬಾಗುತ್ತಾರೆ, ಹಿಂದೆ ಸರಿಯುತ್ತಾರೆ. ಫ್ಲ್ಯಾಶ್ 1 ಮೀಟರ್‌ನಲ್ಲಿದ್ದು ಅವರು ಅರ್ಧ ಮೀಟರ್ ಹಿಂದೆ ಹೋದರೆ ಬೆಳಕು ಅರ್ಧಕ್ಕಿಂತ ಕಡಿಮೆ. 3 ಮೀಟರ್‌ನಲ್ಲಿಟ್ಟರೆ ಅದೇ ಅರ್ಧ ಮೀಟರಿಗೆ ಇಳಿಯುವುದು ಸುಮಾರು ಕಾಲು ಭಾಗ. ಜಾಗ ಇದ್ದರೆ ದೂರ ಇಡಿ, ಪವರ್ ಮತ್ತೆ ಹೊಂದಿಸಿಕೊಳ್ಳಿ. ಗೋಡೆಗೆ ಹತ್ತು ಸಲ ಹೊಡೆದು ನೋಡಿ ಹೇಳಿ.

ಮಂಡ್ಯ: ಲೈಟ್ ಮೀಟರ್ ಇಲ್ಲದೆ ಇದೆಲ್ಲ ಅಂದಾಜು ಕೆಲಸ.

ಮೈಸೂರು: ಹಿಸ್ಟೊಗ್ರಾಮ್ (ಫೋಟೊದ ಬೆಳಕು-ಕತ್ತಲೆ ತೋರಿಸುವ ಕ್ಯಾಮೆರಾದ ಗ್ರಾಫ್) ಸಾಕು. ಮೀಟರ್ ಹಿಡಿಯುವಷ್ಟರಲ್ಲಿ ತಾಳಿ ಕಟ್ಟಿ ಆಗಿರುತ್ತದೆ.

ಮಂಡ್ಯ: ಹಿಸ್ಟೊಗ್ರಾಮ್‌ಗೂ ಬಟ್ಟೆಯ ಬಣ್ಣ ಮೋಸ ಮಾಡುತ್ತದೆ. ಗೊತ್ತಿಲ್ಲದಿದ್ದರೆ ಸುಮ್ನಿರಿ.

ಮೈಸೂರು: ನೀವು ಎಷ್ಟು ಮದುವೆ ತೆಗೆದಿದ್ದೀರಿ, ಅದನ್ನು ಹೇಳಿ ಮೊದಲು.

ಬಳ್ಳಾರಿ: ಹೊರಗೆ ಬಿಸಿಲಿನಲ್ಲಿ ಹೈ ಸ್ಪೀಡ್ ಸಿಂಕ್ (ಸಿಂಕ್ ವೇಗ ಮೀರಿದ ಶಟರ್‌ನಲ್ಲೂ ಫ್ಲ್ಯಾಶ್ ಹೊಡೆಯುವ ಕ್ರಮ) ಹಾಕಿದರೆ ಫ್ಲ್ಯಾಶ್ ಸಾಲುವುದಿಲ್ಲ. ಏನು ಮಾಡಲಿ?

ದಾವಣಗೆರೆ: ಸಾರ್, ಟಿಟಿಎಲ್‌ನಲ್ಲಿ ಫೋಟೊ ಒಂದೊಂದು ಥರ ಬರುತ್ತಿದೆ.

ಫೋಟೊಗ್ರಾಫರ್: ಮೇಲೆ ಓದಿ. ಮ್ಯಾನ್ಯುಯಲ್.

ಮಂಡ್ಯ: ಮೀಟರ್ ವಿಷಯ ನೀವೇ ಹೇಳಿ ಸಾರ್.

ಫೋಟೊಗ್ರಾಫರ್: ಇಬ್ಬರೂ ನಿಲ್ಲಿಸಿ. ಶಿರಸಿಯವರು ಆ ಫ್ಲ್ಯಾಶ್ ಬಿಚ್ಚಿದರೋ ಇಲ್ಲವೋ, ನನಗೆ ಅದು ಗೊತ್ತಾಗಬೇಕು.

ಶಿರಸಿ: ಬಿಚ್ಚಿಲ್ಲ ಸಾರ್. 1/4ರಲ್ಲಿ ಹತ್ತೂ ಒಂದೇ ಥರ ಬಂದಿವೆ.